ಬಳಚು ತಿನ್ನೋದು ಬಿಡಬೇಕಾ?

"ಬಳಚು, ನೀಲಿಕಲ್ಲಿನ ಹೊಟ್ಟೆಯಲ್ಲೆಲ್ಲ ಪ್ಲಾಸ್ಟಿಕ್ ಕಣ ಇರುತ್ತವಂತೆ, ತಿನ್ನುವುದು ಬಿಡಬೇಕಾ?" ಅಂತ ಕೇಳಿದ್ದೀರಿ. ಇವು ನಮ್ಮ ಕಡಲತೀರದವರು ತಿನ್ನುವ ಚಿಪ್ಪಿನ ಜೀವಿಗಳು, ಇಂಗ್ಲಿಷಿನಲ್ಲಿ ಬಳಚು ಅಂದರೆ ಕ್ಲ್ಯಾಮ್, ನೀಲಿಕಲ್ಲು ಅಂದರೆ ಮಸಲ್. ನಾನು ಕುಮಟಾ ಕಡೆಯವನು. ಇನ್ನೂ ಬಿಟ್ಟಿಲ್ಲ. ಆದರೆ ಕಣ ಇರುವುದಂತೂ ನಿಜ.

ಮೀನು ತಂದರೆ ಹೊಟ್ಟೆ ಸೀಳಿ ಕರುಳು ತೆಗೆಯುತ್ತೇವೆ. ಸೀಗಡಿಯ ಬೆನ್ನಿನ ಕಪ್ಪು ನರ ಎಳೆದು ಬಿಸಾಡುತ್ತೇವೆ. ಬಳಚಿನಲ್ಲಿ ತೆಗೆಯುವುದಕ್ಕೆ ಏನಿದೆ? ಚಿಪ್ಪಿನೊಳಗೆ ಬೆರಳ ತುದಿಯಷ್ಟು ಮಾಂಸ, ಕರುಳೂ ಅದರಲ್ಲೇ. ಇಡೀ ಬಾಯಿಗೆ ಹೋಗುತ್ತದೆ. ಸಾಲದ್ದಕ್ಕೆ ಇವು ದಿನವಿಡೀ ನೀರು ಸೋಸಿ ಹೊಟ್ಟೆ ಹೊರೆಯುವ ಜೀವಿಗಳು. ನೀರಿನಲ್ಲಿ ಏನು ತೇಲುತ್ತದೋ ಅದೇ ಊಟ.

2014ರಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ನೀಲಿಕಲ್ಲಿನ ಅಲ್ಲಿನ ಜಾತಿಯಲ್ಲಿ ಗ್ರಾಂಗೆ ಸರಾಸರಿ 0.36 ಕಣ, ಸಿಂಪಿಯಲ್ಲಿ 0.47 ಕಣ ಕಂಡರು. ಯುರೋಪಿನಲ್ಲಿ ಇವನ್ನು ಜಾಸ್ತಿ ತಿನ್ನುವವರ ಹೊಟ್ಟೆಗೆ ವರ್ಷಕ್ಕೆ 11,000 ಕಣ ಹೋಗಬಹುದು ಅಂತ ಲೆಕ್ಕ ಹಾಕಿದರು. ಕೇಳಿದರೆ ಗಾಬರಿ ಆಗುತ್ತದೆ ಅಲ್ವಾ?

ನನಗೆ ಅದಕ್ಕಿಂತ ಮಜಾ ಅನಿಸಿದ್ದು 2018ರ ಸ್ಕಾಟ್ಲೆಂಡಿನ ಅಧ್ಯಯನ. ಅವರು ನೀಲಿಕಲ್ಲು ಪರೀಕ್ಷಿಸಿದ್ದಲ್ಲದೆ, ಕೆಲವು ಮನೆಗಳಲ್ಲಿ ಊಟದ ತಟ್ಟೆಯ ಪಕ್ಕದಲ್ಲೇ ಅಂಟು ಹಚ್ಚಿದ ಪುಟ್ಟ ತಟ್ಟೆ ಇಟ್ಟರು. 20 ನಿಮಿಷದ ಊಟ ಮುಗಿಯುವಷ್ಟರಲ್ಲಿ ಅದರ ಮೇಲೆ 14ರವರೆಗೂ ನಾರು ಬಿದ್ದಿದ್ದವು. ಸೋಫಾ, ಪರದೆ, ಪಾಲಿಯೆಸ್ಟರ್ ಬಟ್ಟೆಯ ಧೂಳು! ಬ್ರಿಟನ್ನಿನಲ್ಲಿ ಒಬ್ಬರಿಗೆ ವರ್ಷಕ್ಕೆ ನೀಲಿಕಲ್ಲಿನಿಂದ 123 ಕಣ ಹೋದರೆ, ಊಟದ ಹೊತ್ತಿನ ಧೂಳಿನಿಂದ 13,000ಕ್ಕೂ ಜಾಸ್ತಿ. ಬಳಚು ಬಿಟ್ಟು ಬೇಳೆಸಾರು ತಿಂದರೂ ಪ್ಲಾಸ್ಟಿಕ್ ತಪ್ಪುವುದಿಲ್ಲ ಅಂತಾಯ್ತು.

ಹಾಗಂತ ಅಪಾಯವೇ ಇಲ್ಲ ಅಂತ ಹೇಳುತ್ತಿಲ್ಲ. 2024ರಲ್ಲಿ ಇಟಲಿಯ ವೈದ್ಯರು ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಕಂಡರು. ಅದಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಹೆಚ್ಚಿದ್ದವು. ಪ್ಲಾಸ್ಟಿಕ್ಕಿನಿಂದಲೇ ಹಾಗಾಯಿತು ಅಂತ ಅದರಿಂದ ಸಾಬೀತಾಗಲಿಲ್ಲ. ಅದು ಎಲ್ಲಿಂದ ಒಳಗೆ ಹೋಯಿತು ಅನ್ನುವುದೂ ತಿಳಿಯಲಿಲ್ಲ. ಇನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ಹಾಕಿದ ಲೆಕ್ಕದಂತೆ 225 ಗ್ರಾಂ ನೀಲಿಕಲ್ಲಿನಲ್ಲಿ ಇರುವ ಪ್ಲಾಸ್ಟಿಕ್ ಸುಮಾರು 7 ಮೈಕ್ರೋಗ್ರಾಂ. ಒಂದು ಉಪ್ಪಿನ ಹರಳಿಗಿಂತ ಕಡಿಮೆ.

ನಮ್ಮಮ್ಮ ಮರಳು ಉಗುಳಲಿ ಅಂತ ಬಳಚನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿ ಬಿಡುತ್ತಾರೆ. ಬೆಳಗ್ಗೆ ಪಾತ್ರೆಯ ತಳದಲ್ಲಿ ಬೂದಿಬಣ್ಣದ ಕೆಸರು ಕೂತಿರುತ್ತದೆ. ಘೆಂಟ್‌ನವರು ನೀಲಿಕಲ್ಲನ್ನು ಮೂರು ದಿನ ಶುದ್ಧ ನೀರಿನಲ್ಲಿಟ್ಟಾಗ ಗ್ರಾಂಗೆ 0.36 ಕಣ ಇದ್ದದ್ದು 0.24ಕ್ಕೆ ಇಳಿದಿತ್ತು. ಹಾಗಾಗಿ ಅಮ್ಮನ ಪದ್ಧತಿಯಿಂದ ಸ್ವಲ್ಪವಾದರೂ ಉಪಯೋಗ ಇರಬಹುದು, ಪೂರ್ತಿಯಂತೂ ಹೋಗುವುದಿಲ್ಲ. ಬೇಯಿಸಿದರೆ ಹೋಗುತ್ತದೆ ಅನ್ನುವುದು ಮಾತ್ರ ಸುಮ್ನೆ.

ನಾನು ಹೆದರುವುದು ಬೇರೆಯದಕ್ಕೆ. ನೀರು ಸೋಸುವ ಜೀವಿ ಚರಂಡಿ ನೀರಿನ ರೋಗಾಣುಗಳನ್ನೂ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಹೆಪಟೈಟಿಸ್ ಎ, ವಾಂತಿಭೇದಿ ಹಾಗೆಯೇ ಬರುತ್ತವೆ. ಪೇಟೆಯ ಕೊಳಕು ಬಂದು ಸೇರುವ ಜಾಗದ ಬಳಚನ್ನು ಪುಕ್ಕಟೆ ಕೊಟ್ಟರೂ ನಾನು ತರುವುದಿಲ್ಲ.