ಆ್ಯಪ್‌ನ ಸೈಡ್ ಮೆನುವಿನಲ್ಲಿ ಕನ್ನಡ ಅಕ್ಷರದ ಗಾತ್ರ, ಫಾಂಟ್, ಬಣ್ಣ ಬದಲಿಸುವುದು ಹೇಗೆ? ಒತ್ತಕ್ಷರ ಬೇರೆ ಕತ್ತರಿಸುತ್ತಿದೆ

ನೀವು ಕೇಳಿದ್ದರಲ್ಲಿ ಮೂರು ವಿಷಯ ಇವೆ. ಆಂಡ್ರಾಯ್ಡ್ ಆ್ಯಪ್‌ನ ಸೈಡ್ ಮೆನುವಿಗೆ ನಿಮ್ಮದೇ ಫಾಂಟ್ ಮತ್ತು ದೊಡ್ಡ ಅಕ್ಷರ ಬೇಕು. ಸ್ಟೈಲ್‌ನಲ್ಲಿ ಬಣ್ಣ ಬರೆದರೂ ಮೆನು ಅದನ್ನು ಕೇಳುತ್ತಿಲ್ಲ. ಟಾರ್ಗೆಟ್ ಎಸ್‌ಡಿಕೆ, ಅಂದರೆ ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಮಾಡಿದ್ದು ಅಂತ ಹೇಳುವ ಸಂಖ್ಯೆ, ಅದನ್ನು 35ಕ್ಕೆ ಏರಿಸಿದ ಮೇಲೆ ಕನ್ನಡ ಸಾಲುಗಳ ಬುಡ ಕಾಣುತ್ತಿಲ್ಲ. ಕೊನೆಯದರಿಂದಲೇ ಶುರು ಮಾಡುತ್ತೇನೆ. ಅದನ್ನು ಸರಿಮಾಡದೆ ಫಾಂಟ್, ಬಣ್ಣ ಏನೇ ಹಾಕಿದರೂ ಉಪಯೋಗವಿಲ್ಲ.

ನಾನು ಇರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಊರಿನ ಅಡಿಕೆ ಬೆಳೆಗಾರರಿಗೆ ದಿನದ ದರ ತೋರಿಸುವ ಸಣ್ಣ ಆ್ಯಪ್ ಮಾಡಿದ್ದೇನೆ. ಅದರ ಮೆನುವಿನಲ್ಲಿ ಚಾಲಿ, ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು ಅನ್ನುವ ಅಡಿಕೆಯ ಬಗೆಗಳು, ಜೊತೆಗೆ ಕಾಳುಮೆಣಸು ಅಂತ ಒಂದರ ಕೆಳಗೆ ಒಂದು ಇದೆ. ಎಲ್ಲವೂ ಸ್ಕ್ರೋಲ್ ಮಾಡದೆ ಒಂದೇ ಪರದೆಯಲ್ಲಿ ಕಾಣಲಿ ಅಂತ ಪ್ರತಿ ಸಾಲಿನ ಎತ್ತರವನ್ನು 36 ಡಿಪಿಗೆ (ಡಿಪಿ ಅಂದರೆ ಆಂಡ್ರಾಯ್ಡ್ ಪರದೆಯ ಅಳತೆ) ಇಳಿಸಿದ್ದೆ. ನನ್ನ ಫೋನ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಹೊಸ ಆವೃತ್ತಿ ಬಿಟ್ಟ ವಾರ ನಮ್ಮ ದೊಡ್ಡಪ್ಪ ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತು ಫೋನ್ ನನ್ನ ಕಡೆ ಹಿಡಿದರು. "ತಮಾ, ಇದರ ಕಾಲು ಎಲ್ಲಿ ಹೋತು?" ಅಂದರು. ನೋಡಿದರೆ ತಟ್ಟಿಬೆಟ್ಟೆ ಅನ್ನುವುದು 'ತಟಿಬೆಟೆ' ಆಗಿತ್ತು. ಎರಡೂ ಟಕಾರದ ಒತ್ತು ಅರ್ಧಕ್ಕೇ ತುಂಡಾಗಿ, ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಚಾಲಿ, ರಾಶಿಯಂಥವು ಮಾತ್ರ ನೆಟ್ಟಗಿದ್ದವು. ಅವಕ್ಕೆ ಕೆಳಗೆ ಇಳಿಯುವ ಒತ್ತೇ ಇಲ್ಲ ಅಲ್ವಾ. ದೊಡ್ಡಪ್ಪನ ಫೋನ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಟ್ಟಿದ್ದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಹೀಗೆ ಆಗುವುದಕ್ಕೆ ಕಾರಣ ಇದೆ. ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಮೊದಲು ಎರಡು ಬಗೆಯ ಅಕ್ಷರ ಇದ್ದವು. ಒಂದು ಸ್ವಲ್ಪ ಅದುಮಿದ, ಕುಳ್ಳಗಿನ ರೂಪ. ಇಂಗ್ಲಿಷ್ ಸಾಲಿನ ಎತ್ತರದಲ್ಲೇ ಕನ್ನಡವೂ ಕೂರಲಿ ಅಂತ ಮಾಡಿದ್ದು. ಇನ್ನೊಂದು ಅಕ್ಷರಕ್ಕೆ ಬೇಕಾದಷ್ಟು ಎತ್ತರ ಬಿಟ್ಟ ಪೂರ್ತಿ ರೂಪ. ಯಾವುದು ಬೇಕು ಅನ್ನುವುದನ್ನು 'ಎಲಿಗೆಂಟ್ ಟೆಕ್ಸ್ಟ್ ಹೈಟ್' ಅನ್ನುವ ಆಯ್ಕೆ ನಿರ್ಧರಿಸುತ್ತಿತ್ತು. ನಾವು ಮುಟ್ಟದಿದ್ದರೆ ಅದು ಆಫ್ ಇರುತ್ತಿತ್ತು, ಅಂದರೆ ಕುಳ್ಳ ರೂಪವೇ ಬರುತ್ತಿತ್ತು. ಆಂಡ್ರಾಯ್ಡ್ 15ರಿಂದ, ಟಾರ್ಗೆಟ್ 35 ಇರುವ ಆ್ಯಪ್‌ಗಳಲ್ಲಿ, ಅದು ತಾನಾಗಿಯೇ ಆನ್ ಆಗಿರುತ್ತದೆ. ಕನ್ನಡ ಮಾತ್ರ ಅಲ್ಲ, ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಒಡಿಯಾ ಇವಕ್ಕೂ ಇದೇ ಬದಲಾವಣೆ. ಹಾಗಾಗಿ ನೀವು ಕೋಡ್‌ನಲ್ಲಿ ಒಂದು ಅಕ್ಷರ ಮುಟ್ಟದಿದ್ದರೂ ಸಾಲು ಎತ್ತರ ಆಯಿತು, ಅದು ಕೂರುವ ಡಬ್ಬಿ ಮಾತ್ರ ಅಷ್ಟೇ ಉಳಿಯಿತು.

ಆ ಆಯ್ಕೆಯನ್ನು ಮತ್ತೆ ಆಫ್ ಮಾಡಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಟಾರ್ಗೆಟ್ 36ಕ್ಕೆ ಹೋದರೆ ಆಂಡ್ರಾಯ್ಡ್ 16 ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆಯ 34ರಲ್ಲೇ ಉಳಿಯುತ್ತೇನೆ ಅಂದರೂ ಆಗುವುದಿಲ್ಲ, 2025ರ ಆಗಸ್ಟ್ 31ರಿಂದ ಪ್ಲೇ ಸ್ಟೋರ್‌ಗೆ ಅಪ್‌ಡೇಟ್ ಹಾಕಬೇಕಾದರೆ ಕಡೇಪಕ್ಷ 35 ಇರಲೇಬೇಕು. ಅದಕ್ಕಿಂತ ಮುಖ್ಯವಾಗಿ, ಇಷ್ಟು ವರ್ಷ ಕನ್ನಡವನ್ನು ಇಂಗ್ಲಿಷ್ ಅಳತೆಯ ಡಬ್ಬಿಯಲ್ಲಿ ತುರುಕಿದ್ದೇವೆ. ಈಗ ಅಕ್ಷರಕ್ಕೆ ಅದರದೇ ಎತ್ತರ ಸಿಕ್ಕಿದೆ. ಡಬ್ಬಿಯನ್ನು ದೊಡ್ಡದು ಮಾಡುವುದೇ ಸರಿಯಾದ ದಾರಿ.

ಡಬ್ಬಿ ದೊಡ್ಡದು ಮಾಡುವುದು ಹೀಗೆ. ಸೈಡ್ ಮೆನು ತೋರಿಸುವ ಭಾಗದ ಹೆಸರು ನ್ಯಾವಿಗೇಶನ್ ವ್ಯೂ. ಅದಕ್ಕೆ ಮಾತ್ರ ಒಂದು ಬೇರೆ ಥೀಮ್ ಬರೆದು, ಅದರಲ್ಲಿ 'ಲಿಸ್ಟ್ ಪ್ರಿಫರ್ಡ್ ಐಟಂ ಹೈಟ್ ಸ್ಮಾಲ್' ಅನ್ನುವುದಕ್ಕೆ ಹೊಸ ಅಳತೆ ಕೊಡಿ. ನಾನು 36 ತೆಗೆದು 56 ಡಿಪಿ ಇಟ್ಟೆ. ಬೆರಳಲ್ಲಿ ಒತ್ತುವ ಯಾವುದೇ ಜಾಗ 48 ಡಿಪಿಗಿಂತ ಕಡಿಮೆ ಇರಬಾರದು ಅನ್ನುವುದು ಗೂಗಲ್‌ನ ವಿನ್ಯಾಸ ಮಾರ್ಗದರ್ಶಿ ಮೆಟೀರಿಯಲ್ ಡಿಸೈನ್‌ನ ಸಲಹೆ. ಹಾಗಾಗಿ ನನ್ನ 36 ಮೊದಲಿಗೇ ತಪ್ಪಾಗಿತ್ತು. ಮೆನು ಈಗ ಸ್ವಲ್ಪ ಸ್ಕ್ರೋಲ್ ಆಗುತ್ತದೆ. ಆಗಲಿ, ಓದುವುದಕ್ಕೆ ಬರುತ್ತದಲ್ಲ.

ಈಗ ಫಾಂಟ್ ಮತ್ತು ಗಾತ್ರ. ಸ್ಟೈಲ್ಸ್ ಫೈಲ್‌ನಲ್ಲಿ ಟೆಕ್ಸ್ಟ್ ಅಪಿಯರೆನ್ಸ್ ಪೇರೆಂಟ್ ಇಟ್ಟುಕೊಂಡು ಒಂದು ಸ್ಟೈಲ್ ಬರೆಯಿರಿ. ಅದನ್ನು ನ್ಯಾವಿಗೇಶನ್ ವ್ಯೂನ 'ಐಟಂ ಟೆಕ್ಸ್ಟ್ ಅಪಿಯರೆನ್ಸ್' ಅನ್ನುವ ಗುಣಕ್ಕೆ ಕೊಡಿ. ಇದರ ಮುಂದೆ 'ಆಂಡ್ರಾಯ್ಡ್' ಅಲ್ಲ, 'ಆ್ಯಪ್' ಅಂತ ಬರಬೇಕು. ತುಂಬಾ ಜನ ಇಲ್ಲೇ ಎಡವುತ್ತಾರೆ. ಹೆಸರುಗಳನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ, ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿದರೆ ಉಳಿದದ್ದನ್ನು ಅದೇ ತೋರಿಸುತ್ತದೆ.

ಆ ಸ್ಟೈಲ್ ಅಕ್ಷರಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಕೇಳುತ್ತದೆ. ಗಾತ್ರ, ಫಾಂಟ್, ದಪ್ಪ, ಅಕ್ಷರಗಳ ನಡುವಿನ ಅಂತರ, ಇಂಥವು. ಪ್ಯಾಡಿಂಗ್, ಮಾರ್ಜಿನ್ ಅದರೊಳಗೆ ಬರೆದರೆ ಎರರ್ ಕೂಡ ಬರುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ಮೊದಲಿಂದ ಬರುವ ಗಾತ್ರ 14 ಎಸ್‌ಪಿ (ಫೋನ್‌ನಲ್ಲಿ ಆರಿಸಿದ ಅಕ್ಷರ ಗಾತ್ರದ ಜೊತೆ ಬದಲಾಗುವ ಅಳತೆ). ಕನ್ನಡಕ್ಕೆ ಅದು ಚಿಕ್ಕದು, ನಾನು 16 ಇಟ್ಟಿದ್ದೇನೆ. ಗಾತ್ರವನ್ನು ಎಸ್‌ಪಿಯಲ್ಲೇ ಕೊಡಿ, ಡಿಪಿಯಲ್ಲಿ ಬೇಡ. ಡಿಪಿ ಕೊಟ್ಟರೆ ದೊಡ್ಡಪ್ಪನಂಥವರು ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದು ನಿಮ್ಮ ಆ್ಯಪ್‌ಗೆ ಗೊತ್ತೇ ಆಗುವುದಿಲ್ಲ. ಕತ್ತರಿಸುವುದನ್ನು ತಪ್ಪಿಸಲು ಡಿಪಿ ಮಾಡಿಬಿಡೋಣ ಅಂತ ನನಗೂ ಒಮ್ಮೆ ಅನ್ನಿಸಿತ್ತು. ಆದರೆ ಅವರಿಗೆ ಬೇಕಿದ್ದು ದೊಡ್ಡ ಅಕ್ಷರ. ಅದನ್ನು ಕಿತ್ತುಕೊಳ್ಳುವುದು ಸರಿ ಅಲ್ಲ.

ಲೆಟರ್ ಸ್ಪೇಸಿಂಗ್ ಅನ್ನು ಸೊನ್ನೆ ಮಾಡಿ. ಮೆಟೀರಿಯಲ್ ಸ್ಟೈಲ್‌ಗಳು ಇಂಗ್ಲಿಷ್‌ಗೆ ಅಂತ ಸ್ವಲ್ಪ ಅಂತರ ಇಟ್ಟುಕೊಂಡೇ ಬರುತ್ತವೆ, ಕನ್ನಡಕ್ಕೆ ಅದು ಬೇಕಿಲ್ಲ.

ಫಾಂಟ್ ಫೈಲ್ ಅನ್ನು ರೆಸ್ ಫೋಲ್ಡರ್ ಒಳಗೆ 'ಫಾಂಟ್' ಅನ್ನುವ ಫೋಲ್ಡರ್ ಮಾಡಿ ಹಾಕಿ. ಫೈಲ್ ಹೆಸರಿನಲ್ಲಿ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ಇರಬಾರದು. ಡೌನ್‌ಲೋಡ್ ಮಾಡಿದ ಫೈಲ್‌ಗಳಲ್ಲಿ ಅಡ್ಡಗೆರೆ ಮತ್ತು ದೊಡ್ಡಕ್ಷರ ಇರುತ್ತವೆ, ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಡಿಟಿಪಿಯವರ ಹತ್ತಿರ ಇರುವ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್ ಬೇಡ, ಎಷ್ಟೇ ಚಂದ ಇರಲಿ. ಆ್ಯಪ್‌ನಲ್ಲಿರುವುದು ಯೂನಿಕೋಡ್ ಕನ್ನಡ, ಆ ಫಾಂಟ್‌ಗೆ ಅದು ಅರ್ಥವಾಗುವುದಿಲ್ಲ.

ಯಾವ ಫಾಂಟ್ ಅಂತ ಕೇಳಿದ್ದೀರಿ. ನೋಟೊ ಸ್ಯಾನ್ಸ್ ಕನ್ನಡ ಎಲ್ಲಿ ಹಾಕಿದರೂ ನಡೆಯುತ್ತದೆ. ನನಗೆ ಮೆನುವಿಗೆ ಅನೇಕ್ ಕನ್ನಡ ಜಾಸ್ತಿ ಇಷ್ಟ. ಅದರಲ್ಲಿ ದಪ್ಪ ಮಾತ್ರವಲ್ಲ, ಅಗಲವನ್ನೂ ಬೇಕಾದಂತೆ ಆರಿಸಬಹುದು. 'ಕೆಂಪುಗೋಟು' ಥರದ ಉದ್ದ ಪದಗಳಿಗೆ ಸ್ವಲ್ಪ ಕಿರಿದಾದ ಅಗಲ ತೆಗೆದುಕೊಂಡರೆ ಗಾತ್ರ ಇಳಿಸದೆಯೇ ಹಿಡಿಯುತ್ತದೆ. ಬಾಲೂ ತಮ್ಮ 2 ದುಂಡಗೆ, ನೋಡಲು ಮುದ್ದಾಗಿದೆ, ಆದರೆ ಮೆನುವಿಗಿಂತ ಶೀರ್ಷಿಕೆಗೆ ಒಪ್ಪುತ್ತದೆ. ಮೂರೂ ಉಚಿತ, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ.

ಆಯ್ದ ಸಾಲು ದಪ್ಪ ಕಾಣಬೇಕು ಅಂದರೆ ಬೋಲ್ಡ್ ಫೈಲ್ ಅನ್ನೂ ಸೇರಿಸಿ, ಒಂದು ಫಾಂಟ್ ಫ್ಯಾಮಿಲಿ ಎಕ್ಸ್‌ಎಂಎಲ್‌ನಲ್ಲಿ 400 ಮತ್ತು 700 ಎರಡನ್ನೂ ಬರೆಯಿರಿ. ರೆಗ್ಯುಲರ್ ಒಂದನ್ನೇ ಹಾಕಿ ಬೋಲ್ಡ್ ಅಂದರೆ ಆಂಡ್ರಾಯ್ಡ್ ಅದೇ ಅಕ್ಷರವನ್ನು ಉಬ್ಬಿಸಿ ತೋರಿಸುತ್ತದೆ. ಇಂಗ್ಲಿಷ್‌ನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಕನ್ನಡದಲ್ಲಿ 'ಣ', 'ಕ್ಷ', 'ಖ' ಇವುಗಳ ಒಳಗಿನ ಸಣ್ಣ ಸಂದುಗಳು ಮುಚ್ಚಿಹೋಗಿ ಶಾಯಿ ಚೆಲ್ಲಿದ ಹಾಗೆ ಆಗುತ್ತದೆ.

ಬಣ್ಣ ಯಾಕೆ ಕೇಳುತ್ತಿಲ್ಲ ಅಂದರೆ, ಸ್ಟೈಲ್‌ನಲ್ಲಿ ಬರೆದ ಬಣ್ಣಕ್ಕಿಂತ 'ಐಟಂ ಟೆಕ್ಸ್ಟ್ ಕಲರ್' ಹೆಚ್ಚು ಬಲದ್ದು. ನೀವು ಅದನ್ನು ಬರೆಯದಿದ್ದರೂ ಥೀಮ್ ಬರೆದಿರುತ್ತದೆ. ಹಾಗಾಗಿ ಬಣ್ಣವನ್ನು ಅಲ್ಲೇ ಕೊಡಿ, ಒಂದೇ ಬಣ್ಣವಾಗಿ ಅಲ್ಲ, ಕಲರ್ ಸ್ಟೇಟ್ ಲಿಸ್ಟ್ ಆಗಿ, ಅಂದರೆ ಯಾವ ಸ್ಥಿತಿಗೆ ಯಾವ ಬಣ್ಣ ಅನ್ನುವ ಪಟ್ಟಿಯಾಗಿ. ಆ ಪಟ್ಟಿಯನ್ನು ಆಂಡ್ರಾಯ್ಡ್ ಮೇಲಿಂದ ಓದುತ್ತದೆ, ಮೊದಲು ಹೊಂದಿದ್ದನ್ನು ತೆಗೆದುಕೊಂಡು ನಿಲ್ಲುತ್ತದೆ. 'ಚೆಕ್ಡ್', ಅಂದರೆ ಆಯ್ದ ಸ್ಥಿತಿಯ ಸಾಲು ಮೇಲೆ, ಏನೂ ಷರತ್ತಿಲ್ಲದ ಸಾಲು ಕೊನೆಗೆ. ತಿರುಗಿಸಿ ಬರೆದರೆ ಆಯ್ದ ಬಣ್ಣ ಎಂದೂ ಬರುವುದಿಲ್ಲ. ಮೆನು ಫೈಲ್‌ನ ಗ್ರೂಪ್‌ನಲ್ಲಿ 'ಚೆಕೆಬಲ್ ಬಿಹೇವಿಯರ್' ಅನ್ನು ಸಿಂಗಲ್ ಮಾಡಿರುವಿರಾ ಅಂತಲೂ ನೋಡಿ.

ಬಣ್ಣ ಆರಿಸುವಾಗ ಫೋನ್ ಹಿಡಿದು ಬಿಸಿಲಿಗೆ ಹೋಗಿ ನೋಡಿ. ನನ್ನ ಮೊದಲ ಆವೃತ್ತಿಯಲ್ಲಿ ಬಿಳಿ ಮೇಲೆ ತೆಳು ಬೂದು ಇತ್ತು. ಮನೆಯೊಳಗೆ ನಾಜೂಕಾಗಿ ಕಾಣುತ್ತಿತ್ತು, ಅಡಿಕೆ ಒಣಹಾಕಿದ ಅಂಗಳದಲ್ಲಿ ಖಾಲಿ ಪರದೆ ಕಂಡಂತೆ ಆಯಿತು. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕಡೇಪಕ್ಷ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಅನ್ನುವ ಅಳತೆ ಇದೆ. ನಮ್ಮ ಕಡೆಯ ಬೇಸಿಗೆಗೆ ಅದಕ್ಕಿಂತ ಜಾಸ್ತಿಯೇ ಇಡಿ.

ಗುಂಪಿನ ತಲೆಬರಹ, ಅಂದರೆ 'ಅಡಿಕೆ', 'ಇತರೆ' ಥರದ್ದು, ಮೇಲಿನ ಯಾವುದನ್ನೂ ಕೇಳುವುದಿಲ್ಲ. ಮೆಟೀರಿಯಲ್ ಲೈಬ್ರರಿಯ ಹೊಸ ಆವೃತ್ತಿಗಳಲ್ಲಿ ಅದಕ್ಕೆ 'ಸಬ್‌ಹೆಡರ್ ಟೆಕ್ಸ್ಟ್ ಅಪಿಯರೆನ್ಸ್' ಮತ್ತು 'ಸಬ್‌ಹೆಡರ್ ಕಲರ್' ಅಂತ ಬೇರೆ ಇವೆ. ಒಂದೇ ಒಂದು ಸಾಲಿಗೆ ಬೇರೆ ಬಣ್ಣ ಬೇಕಾದರೆ ಕೋಡ್‌ನಲ್ಲಿ ಆ ಐಟಂನ ಶೀರ್ಷಿಕೆಯನ್ನು ಸ್ಪ್ಯಾನಬಲ್ ಸ್ಟ್ರಿಂಗ್ (ಬಣ್ಣ ಸೇರಿಸಿದ ಪಠ್ಯ) ಮಾಡಿ ಕೊಡಬಹುದು. ಎಕ್ಸ್‌ಎಂಎಲ್ ಬದಲು ಕೋಡ್‌ನಲ್ಲೇ ಪರದೆ ಬರೆಯುವ ಕಂಪೋಸ್ ಬಳಸುತ್ತಿದ್ದರೆ ಇಷ್ಟೆಲ್ಲ ಬೇಕಿಲ್ಲ, ಲೇಬಲ್ ಜಾಗದಲ್ಲಿ ನೀವೇ ಬರೆಯುವ ಟೆಕ್ಸ್ಟ್‌ಗೆ ನೇರ ಸ್ಟೈಲ್ ಕೊಟ್ಟರೆ ಆಯಿತು.

ಪದಗಳನ್ನೂ ಒಮ್ಮೆ ನೋಡಿ. ನೀವು ಹಾಕಿರುವ 'ಮಾರುಕಟ್ಟೆಯ ಇಂದಿನ ದರಪಟ್ಟಿ' ಮೆನುವಿನಲ್ಲಿ ಹಿಡಿಯುವುದಿಲ್ಲ. ಕೊನೆಗೆ ಮೂರು ಚುಕ್ಕಿ ಬಂದು 'ದರ' ಅನ್ನುವ ಮುಖ್ಯ ಪದವೇ ಹೋಗುತ್ತದೆ. 'ಇಂದಿನ ದರ' ಸಾಕು. 'ಐಟಂ ಮ್ಯಾಕ್ಸ್ ಲೈನ್ಸ್' ಕೊಟ್ಟು ಎರಡು ಸಾಲು ಮಾಡಬಹುದು ನಿಜ, ಆದರೆ ಆಗ ಎತ್ತರದ ಲೆಕ್ಕ ಮತ್ತೆ ತಪ್ಪುತ್ತದೆ.

ಪರೀಕ್ಷೆ ಮಾಡುವಾಗ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರವನ್ನು ಕೊನೆಯವರೆಗೆ ಎಳೆದು ನೋಡಿ. ಆಂಡ್ರಾಯ್ಡ್ 14ರಿಂದ ಅದು 200 ಪರ್ಸೆಂಟ್‌ವರೆಗೆ ಹೋಗುತ್ತದೆ. ಮೆನುವಿನಲ್ಲಿ ಒತ್ತು ತುಂಬಿದ ಒಂದು ಪದ ಇಟ್ಟುಕೊಳ್ಳಿ. ನನಗೆ ತಟ್ಟಿಬೆಟ್ಟೆ ಇದೆ, ನಿಮ್ಮ ಆ್ಯಪ್‌ನಲ್ಲಿ 'ಸೆಟ್ಟಿಂಗ್ಸ್' ಅಂತ ಹೇಗೂ ಇದ್ದೇ ಇರುತ್ತದೆ. ಅದರ ಬುಡ ಪೂರ್ತಿ ಕಂಡರೆ ಉಳಿದದ್ದೂ ಕಾಣುತ್ತದೆ.

ಇಷ್ಟು ಮಾಡಿಯೂ ಕತ್ತರಿಸುತ್ತಿದ್ದರೆ ನ್ಯಾವಿಗೇಶನ್ ವ್ಯೂನ ಎಕ್ಸ್‌ಎಂಎಲ್, ಅದಕ್ಕೆ ಕೊಟ್ಟ ಥೀಮ್, ಮೆಟೀರಿಯಲ್ ಲೈಬ್ರರಿಯ ಆವೃತ್ತಿ, ಈ ಮೂರನ್ನು ಪ್ರಶ್ನೆಗೆ ಸೇರಿಸಿ. ಸಂಜೆ ತೋಟದಿಂದ ಬಂದ ಮೇಲೆ ನೋಡಿ ಹೇಳುತ್ತೇನೆ.