ಉಪ್ಪಾಗೆ ಸಾರ: ಒಪ್ಪಂದಕ್ಕೆ ಮುನ್ನ

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಉಪ್ಪಾಗೆ ಮರಗಳಿವೆ. ಅವುಗಳ ಹುಳಿ ಹಣ್ಣಿನ ಸಿಪ್ಪೆಯ ಸಾರದ ಬಗ್ಗೆ ಖಾಸಗಿ ಪ್ರಯೋಗಾಲಯವೊಂದಕ್ಕೆ ಹಣ ಕೊಟ್ಟು ಸಂಶೋಧನೆ ಮಾಡಿಸಬೇಕೆಂದಿದ್ದೇನೆ. ಯಾವ ಎಚ್ಚರಿಕೆ ಅಗತ್ಯ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸಾರದ ಮುಖ್ಯ ಅಂಶವಾದ, ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಬಿಸಿ ತಾಗಿದಾಗ ಲ್ಯಾಕ್ಟೋನ್ ಎಂಬ ಬೇರೆ ರಾಸಾಯನಿಕ ರೂಪಕ್ಕೆ ತಿರುಗುವುದರಿಂದ, ಅದನ್ನು ಸಾಮಾನ್ಯವಾಗಿ ಕ್ಯಾಲ್ಸಿಯಂ ಇಲ್ಲವೇ ಪೊಟ್ಯಾಸಿಯಂ ಲವಣವಾಗಿ ಮಾರುತ್ತಾರೆ. ಆದ್ದರಿಂದ ಆಮ್ಲ ಮತ್ತು ಲ್ಯಾಕ್ಟೋನ್ ಎರಡನ್ನೂ, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ವಿಧಾನದಲ್ಲಿ ಬೇರೆ ಬೇರೆಯಾಗಿ ಅಳೆದು ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿ ಕಪ್ಪಾದ ಸಿಪ್ಪೆಯನ್ನಷ್ಟೇ ಕಳುಹಿಸಬೇಡಿ. ಅದಕ್ಕೆ ಹೊಗೆಯ ಅಂಶಗಳು ಅಂಟಿರುತ್ತವೆ. ಡ್ರೈಯರಿನಲ್ಲಿ ಒಣಗಿಸಿದ್ದನ್ನೂ ಬೇರೆ ಚೀಲದಲ್ಲಿಟ್ಟು, ಹಣ್ಣು ಆಯ್ದ ದಿನಾಂಕದ ಚೀಟಿ ಅಂಟಿಸಿ.

1970ರ ಪೇಟೆಂಟ್ ಕಾಯ್ದೆಯಡಿ ನಿಸರ್ಗದಲ್ಲಿರುವ ವಸ್ತುವನ್ನು ಕಂಡುಹಿಡಿದ ಮಾತ್ರಕ್ಕೆ ಪೇಟೆಂಟ್ ಸಿಗದು. ಅದನ್ನು ಬೇರ್ಪಡಿಸುವ ಹೊಸ ವಿಧಾನಕ್ಕೆ ಸಿಗಬಹುದು. ಆ ಹಕ್ಕು ಯಾರದೆಂದು ಸ್ಪಷ್ಟಪಡಿಸದ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ. ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಕೂಡ ಶುಲ್ಕ ಪಡೆದು ಪ್ರಾಯೋಜಿತ ಸಂಶೋಧನೆ ಕೈಗೊಳ್ಳುತ್ತದೆ, ಅಲ್ಲಿಯೂ ವಿಚಾರಿಸಿ.

ತೂಕ ಇಳಿಸಲೆಂದು ಈ ಸಾರದ ಮಾತ್ರೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿರುವುದರಿಂದ, ಖರ್ಚು ಎಷ್ಟೇ ಆದರೂ ಸುರಕ್ಷತಾ ಪರೀಕ್ಷೆಯನ್ನು ಕೈಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ.