ಬಿಡಿಯಾಗಿ ಕೊಂಡ ಸಿಗರೇಟಿಗೆ ದಾವೆ ಹೂಡಬಹುದೇ?

ಮಲ್ಪೆಯ ಓದುಗರೊಬ್ಬರ ಪತ್ರ: “ಮೂವತ್ತೈದು ವರ್ಷ ಬಸ್ ಕಂಡಕ್ಟರ್ ಆಗಿದ್ದ ನನ್ನ ತಂದೆ ಕಳೆದ ಆಟಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ತಾಯಿ ಬೀಡಿ ಕಟ್ಟಿ ನನ್ನನ್ನು ಓದಿಸಿದವರು. ಅಮೆರಿಕದಲ್ಲಿ ಧೂಮಪಾನಿಯೊಬ್ಬರಿಗೆ ಸಿಗರೇಟ್ ಕಂಪನಿ ಮುನ್ನೂರು ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಗಿತ್ತಂತೆ. ನಾವೇಕೆ ಕೋರ್ಟಿಗೆ ಹೋಗಬಾರದು?”

ಮಾನ್ಯರೇ,

ಮೊದಲು ಆ ಮುನ್ನೂರು ಕೋಟಿಯ ಲೆಕ್ಕ ಮುಗಿಸೋಣ. 2001ರಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ (ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ತಂಡ) ರಿಚರ್ಡ್ ಬೋಕೆನ್ ಎಂಬವರ ಪರ ಹಾಗೆ ಹೇಳಿದ್ದು ನಿಜ. ನ್ಯಾಯಾಧೀಶರು ಅದನ್ನು ಹತ್ತು ಕೋಟಿಗೆ ಇಳಿಸಿದರು, ಮೇಲ್ಮನವಿಯಲ್ಲಿ ಐದು ಕೋಟಿಗೆ ಬಂತು. ಬೋಕೆನ್ 2002ರಲ್ಲೇ ತೀರಿಕೊಂಡಿದ್ದರು. ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುವುದು ಮೊದಲ ಅಂಕಿಯನ್ನು ಮಾತ್ರ. ಆ ಕೆಲಸದಲ್ಲಿ ನಮ್ಮದೂ ಪಾಲಿದೆ.

ನೀವು ತಿಳಿಯಬೇಕಾದದ್ದು ನ್ಯೂಜೆರ್ಸಿಯ ರೋಸ್ ಸಿಪೊಲೋನ್ ಅವರ ಪ್ರಕರಣ. ಹದಿನಾರರಲ್ಲಿ ಸೇದಲು ಶುರು ಮಾಡಿದಾಕೆ, ಫಿಲ್ಟರ್ ಇದ್ದರೆ ಅಪಾಯ ಕಡಿಮೆಯೆಂದು ಜಾಹೀರಾತು ನಂಬಿ ಬ್ರಾಂಡ್ ಬದಲಿಸಿದವರು. 1983ರಲ್ಲಿ ದಾವೆ ಹೂಡಿ, ಮರುವರ್ಷ ತೀರಿಕೊಂಡರು. 1988ರಲ್ಲಿ ಜ್ಯೂರಿ ತಪ್ಪನ್ನು ತೂಗಿದ್ದು ಹೀಗೆ: ಶೇ. 80 ರೋಸ್ ಅವರದು, ಶೇ. 20 ಕಂಪನಿಯದು. ಪತಿಗೆ ನಾಲ್ಕು ಲಕ್ಷ ಡಾಲರ್ ಎಂದರು, ಅದೂ ಪೊಟ್ಟಣದ ಮೇಲೆ ಎಚ್ಚರಿಕೆಯ ಸಾಲು ಬರುವ ಮೊದಲಿನ ಜಾಹೀರಾತಿನ ಭರವಸೆ ಸುಳ್ಳಾಯಿತೆಂಬ ಕಾರಣಕ್ಕೆ. ಮೇಲ್ಮನವಿಯಲ್ಲಿ ಅದೂ ಹೋಯಿತು. 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಾನೂನು ಹೇಳಿದ ಎಚ್ಚರಿಕೆಯನ್ನು ಮುದ್ರಿಸಿದ ಮೇಲೆ ಅಷ್ಟು ಎಚ್ಚರಿಕೆ ಸಾಲಲಿಲ್ಲವೆಂದು ಕಂಪನಿಯನ್ನು ದೂರುವಂತಿಲ್ಲ, ಆದರೆ ವಂಚನೆಯ ದೂರು ನಡೆಯುತ್ತದೆ ಎಂದಿತು. ಅಷ್ಟರಲ್ಲಿ ಕುಟುಂಬಕ್ಕೆ ಸಾಕಾಗಿ ಮೊಕದ್ದಮೆಯನ್ನೇ ಕೈಬಿಟ್ಟಿತು.

ಗಾಳಿ ತಿರುಗಿದ್ದು ಕಂಪನಿಗಳ ಒಳಗಿನ ಕಾಗದಪತ್ರಗಳು 1994ರಲ್ಲಿ ಹೊರಬಿದ್ದ ಮೇಲೆ. ನಿಕೋಟಿನ್ ಚಟ ಹಿಡಿಸುತ್ತದೆಂದು ಅವರಿಗೆ ಗೊತ್ತಿತ್ತು, ಹೊರಗೆ ಇಲ್ಲವೆನ್ನುತ್ತಿದ್ದರು. ಅಂಥ ಕಾಗದಗಳ ಬಲದಿಂದ 1996ರಲ್ಲಿ ಫ್ಲಾರಿಡಾದ ಗ್ರೇಡಿ ಕಾರ್ಟರ್ ಏಳೂವರೆ ಲಕ್ಷ ಡಾಲರಿನ ತೀರ್ಪು ಪಡೆದರು. ನಡುವೆ ಗಡುವು ಮೀರಿದ ದಾವೆಯೆಂದು ಒಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತ್ತು. ಹಣ ಕೈಸೇರಿದ್ದು 2001ರಲ್ಲಿ.

ನಮ್ಮಲ್ಲಿ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಯಾರಕರನ್ನು ಹೊಣೆಯಾಗಿಸುತ್ತದೆ. ಆದರೆ ಅದೇ ಕಾಯ್ದೆಯ 87ನೆಯ ಕಲಮು, ಎಲ್ಲರಿಗೂ ಗೊತ್ತಿರುವ ಅಪಾಯವನ್ನು ತಿಳಿಸಲಿಲ್ಲವೆಂದು ತಯಾರಕರನ್ನು ದೂರುವಂತಿಲ್ಲ ಎನ್ನುತ್ತದೆ. ಕಂಪನಿಯ ವಕೀಲರು ಪೊಟ್ಟಣ ಎತ್ತಿ ಹಿಡಿದು, ಶೇ. 85 ಜಾಗ ತುಂಬಿದ ಆ ಎಚ್ಚರಿಕೆಯ ಚಿತ್ರ ತೋರಿಸಿ ಕೂರುತ್ತಾರೆ. ನನ್ನ ಮಟ್ಟಿಗೆ ಆ ಚಿತ್ರ ಸೇದುವವನಿಗಿಂತ ಮಾರುವವನಿಗೇ ಹೆಚ್ಚು ರಕ್ಷಣೆ.

ನಿಮ್ಮ ತಂದೆ ಪೊಟ್ಟಣ ಕೊಂಡವರೇ? ಬಸ್ ನಿಲ್ದಾಣದ ಗೂಡಂಗಡಿಯಲ್ಲಿ ನಾನು ಕಂಡ ಕಂಡಕ್ಟರುಗಳೆಲ್ಲ ಬೆರಳೆತ್ತಿ ‘ಒಂದು’ ಎನ್ನುವವರು. ಅಂಗಡಿಯವರು ಗಲ್ಲಾದ ಮರೆಯಿಂದ ಒಂದನ್ನು ತೆಗೆದು ಕೊಡುತ್ತಾರೆ, ಪಕ್ಕದಲ್ಲಿ ನೇತುಹಾಕಿದ ಲೈಟರಿನಿಂದ ಹಚ್ಚಿಕೊಂಡರೆ ಮುಗಿಯಿತು. ಬಿಡಿಯಾಗಿ ಮಾರಬಾರದೆಂಬ ಆದೇಶ ರಾಜ್ಯದಲ್ಲಿದ್ದರೂ ನಡೆಯುವುದು ಹೀಗೆಯೇ. ಆ ಚಿತ್ರ ಅವರ ಕಣ್ಣಿಗೆ ಬೀಳುವುದೇ ಇಲ್ಲ. ನಾನು ವಕೀಲನಾಗಿದ್ದರೆ ವಾದವನ್ನು ಇಲ್ಲಿಂದಲೇ ಆರಂಭಿಸುತ್ತಿದ್ದೆ.

ಬೀಡಿಯ ವಿಚಾರ ಬೆಳೆಸುವುದಿಲ್ಲ. ನನ್ನ ಶಾಲೆಯ ಫೀಸೂ ಅಮ್ಮನ ಮೊರದಿಂದಲೇ ಬಂದದ್ದು.

ಒಂದು ತೊಡಕು ಮಾತ್ರ ಹೇಳಿಬಿಡುತ್ತೇನೆ. ಅಮೆರಿಕದ ವಕೀಲರು ಗೆದ್ದ ಹಣದಲ್ಲಿ ಪಾಲು ಪಡೆದು ಇಂಥ ಪ್ರಕರಣ ನಡೆಸುತ್ತಾರೆ. ನಮ್ಮ ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಅದು ನಿಷಿದ್ಧ. ಖರ್ಚು ನಿಮ್ಮ ಕೈಯಿಂದಲೇ ಆಗಬೇಕು. ಗ್ರಾಹಕ ಆಯೋಗದ ಗಡುವು ಎರಡು ವರ್ಷ, ಅದು ಯಾವ ದಿನದಿಂದ ಓಡುತ್ತದೆಂಬುದೇ ಮೊದಲ ಜಗಳ. ಆಸ್ಪತ್ರೆಯ ಕಡತ ಹಿಡಿದು ಈ ತಿಂಗಳೇ ವಕೀಲರನ್ನು ಕಾಣಿರಿ. ತಂದೆ ಸೇದಿದ್ದು ಯಾವ ಬ್ರಾಂಡ್ ಎಂಬುದಕ್ಕೆ ರಸೀದಿ ಎಲ್ಲಿಂದ ಬರಬೇಕು? ಆ ಅಂಗಡಿಯವರ ಬಳಿ ಅವರ ಬಾಕಿ ಬರೆದಿಟ್ಟ ಹಳೆಯ ಪುಸ್ತಕ ಉಳಿದಿದೆಯೇ, ವಿಚಾರಿಸಿ.

— ಸಂಪಾದಕ